ಬೆನ್ನಿನ ಸಾಲಿಯ ಅಕ್ಕೋರು

ಮಹಾನಂದಾ ಅಕ್ಕೋರು ಮೊದಲ ದಿನ ನಮಗೆ ಹೇಳಿಕೊಟ್ಟದ್ದು ಒಲೆಗೆ ಬೆನ್ನು ಹಾಕಿ ಕೂರುವುದನ್ನು. ಒಲೆಯ ಮೇಲೆ ಹಾಲಿನ ಪಾತ್ರೆ ಇತ್ತು. ಕಲಿಯಲು ಬಂದ ನಾವೆಲ್ಲ ಗೋಡೆ ಕಡೆ ಮುಖ ಮಾಡಿ, ಹಾಲು ಯಾವಾಗ ಅಂಚಿಗೆ ಬಂತೆಂದು ವಾಸನೆಯಿಂದಲೋ ಸದ್ದಿನಿಂದಲೋ ಹೇಳಬೇಕು. ನನ್ನ ಪಕ್ಕದಲ್ಲಿ ಕೂತಿದ್ದ ದಾವಲಸಾಬನಿಗೆ ತಡೆಯಲಾಗಲಿಲ್ಲ, ಕತ್ತು ತಿರುಗಿಸಿಬಿಟ್ಟ. ಏರುತ್ತಿದ್ದ ಹಾಲು ತೆಪ್ಪಗೆ ಕೆಳಗಿಳಿಯಿತು. ಅಕ್ಕೋರು ಕುರ್ಚಿಯಲ್ಲಿ ಕೂತಲ್ಲಿಂದಲೇ, "ಆತು ಬಿಡ, ಇವತ್ತಿನ ಚಾ ದಾವಲಸಾಬ ನುಂಗಿದ. ನಾಳೆ ಮತ್ತ ಕೂಡೂಣು" ಅಂದರು. ನಾವು ಆ ಗೋಡೆಯನ್ನು ನೋಡುತ್ತ ಎಷ್ಟು ದಿನ ಕೂತೆವೋ, ಅದರ ಸುಣ್ಣದ ಬಿರುಕುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ನಮ್ಮೂರಿನಲ್ಲಿ ಬೇರೆಯವರ ಕಣ್ಣ ಮುಂದೆ ಯಾವುದೂ ಕೆಡುವುದಿಲ್ಲ. ತೂತು ಬಿದ್ದ ಕೊಡ ಸೋರುವುದಿಲ್ಲ, ಕುಂಟ ಕತ್ತೆ ಮದುವೆ ಕುದುರೆಯ ಹಾಗೆ ನಡೆಯುತ್ತದೆ, ಒಂದಕ್ಷರ ಬಾರದ ಮಗು ಮಾಸ್ತರರು ನೋಡುವಷ್ಟು ಹೊತ್ತು ಮಗ್ಗಿ ಒಪ್ಪಿಸುತ್ತದೆ. ಕಣ್ಣು ಸರಿಯಿತೋ, ಮತ್ತೆ ಯಥಾಪ್ರಕಾರ. ತನ್ನದಕ್ಕೆ ತನ್ನ ಕಣ್ಣು, ತನ್ನ ಮನೆಯವರ ಕಣ್ಣು ಆಗಿಬರುವುದಿಲ್ಲ. ಬೆಕ್ಕಿನ ಕಣ್ಣೂ ಆಗುವುದಿಲ್ಲ, ಪ್ರಯತ್ನಪಟ್ಟವರಿದ್ದಾರೆ. ಹಾಗಾಗಿ ಇಲ್ಲಿ ನೆರೆಹೊರೆಯೆಂದರೆ ಕಣ್ಣಿನ ಕೊಡುಕೊಳ್ಳುವಿಕೆ. "ನನ್ನ ಹಾಲು ಒಂದೀಟು ನೋಡವಾ, ನಿನ್ನ ರೊಟ್ಟಿ ನಾ ನೋಡತೇನಿ" ಎನ್ನುವುದು ನಮ್ಮ ಹೆಂಗಸರ ದಿನದ ಮೊದಲ ಮಾತು. ಜಗಳವಾದ ಮನೆಯವರ ಹಾಲು ಉಕ್ಕಿ ಒಲೆ ಆರಿರುತ್ತದೆ, ಅಷ್ಟೇ.

ಇಂಥ ಊರಲ್ಲಿ ಪುರಸಭೆ ಒಂದು ಕಾರ್ಯಕ್ರಮ ಮಾಡಿದರೆ ಅದು ಜನಕ್ಕೆ ಒದಗಿತೋ ಇಲ್ಲವೋ ತಿಳಿಯುವುದು ಹೇಗೆ? ಅಧಿಕಾರಿ ಹೋಗಿ ನಿಂತರೆ ಎಲ್ಲವೂ ಚೆಂದ. ಅದಕ್ಕೇ ಮೌಲ್ಯಮಾಪಕರು ಬೇಕು. ಅದು ಕಾಗದದ ಮೇಲಿನ ಹೆಸರು. ಜನ ನಮ್ಮನ್ನು ಕರೆಯುವುದು ಬೆನ್ನಿನವರು ಎಂದು, ನಮ್ಮ ತರಬೇತಿ ಸಂಸ್ಥೆಯನ್ನು ಬೆನ್ನಿನ ಸಾಲಿ ಎಂದು. ನನ್ನ ಅವ್ವನಿಗೆ ಇದು ಅಷ್ಟು ಒಪ್ಪಿಗೆಯಿರಲಿಲ್ಲ. "ಕಸ್ತೂರಿ, ಮಂದಿಗೆ ಬೆನ್ನ ತೋರಿಸಿ ಪಗಾರ ತಗೊಳ್ಳೂದು ಅದೆಂಥಾ ನೌಕರಿ?" ಎಂದು ಕೇಳುತ್ತಿದ್ದಳು.

ನನ್ನನ್ನು ಮೊದಲ ಸಲ ಹೊರಗೆ ಕಳಿಸಿದ್ದು ಕಂಬಾರ ಓಣಿಯ ಹೊಸ ನಲ್ಲಿಗೆ. ಹೋದೆ, ಎದುರಿಗೆ ನಿಂತೆ, ನೋಡಿದೆ. ನೀರು ಧೋ ಎಂದು ಬಂತು. ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಕೊಡ, ಬಿಂದಿಗೆ, ಹಂಡೆ ಹೊತ್ತು ಓಡಿ ಬಂದರು. ಒಬ್ಬಾಕೆ ನನಗೊಂದು ಮಣೆ ತಂದು ಹಾಕಿದಳು. ಇನ್ನೊಬ್ಬಾಕೆ ಶೇಂಗಾ ತಂದಳು. "ಕೂಡ್ರಿ ತಂಗಿ, ಅವಸರ ಏನೈತಿ? ಹಂಗ ನೋಡಕೋಂತ ಇರ್ರಿ" ಅಂದಳು. ನಾನು ಶೇಂಗಾ ತಿನ್ನುತ್ತ ನೋಡುತ್ತ ಕೂತೆ. ಆಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ಹಾಲು ಬಿಟ್ಟುಕೊಡದ ತನ್ನ ಎಮ್ಮೆಯನ್ನೂ ಒಂದು ಗಳಿಗೆ ನೋಡಬೇಕೆಂದು ಕೊಟ್ಟಿಗೆಗೆ ಕರೆದೊಯ್ದಳು. ಅದನ್ನೂ ನೋಡಿದೆ. ಸಂಜೆ ಸಾಲಿಗೆ ಬಂದು, ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತದೆ, ಜನ ಬಹಳ ಸಂತೋಷವಾಗಿದ್ದಾರೆ ಎಂದು ಹೇಳಿದೆ.

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಂತೋಷ ಆಗದ ಏನು ಮಾಡ್ಯಾರು! ವರ್ಷದ ನೀರು ಒಂದ ದಿನದಾಗ ತುಂಬಿಸ್ಕೊಂಡಾರ. ನೀ ಮೌಲ್ಯಮಾಪಕಿ ಅಲ್ಲವಾ, ನೀ ಮೋಟಾರು" ಅಂದರು. ನಗು ನಿಂತ ಮೇಲೆ ಮುಖ ಗಂಭೀರವಾಯಿತು. "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನ ಹೇಳಿಲ್ಲ. ನಲ್ಲಿ ನೋಡಬ್ಯಾಡ, ನಲ್ಲಿ ಬುಡ ನೋಡು. ಅಲ್ಲಿ ಪಾಚಿ ಐತೇನು? ಹಳೇ ಬಾವಿ ಹಗ್ಗ ಇನ್ನೂ ಹಸಿ ಐತೇನು? ಆ ಹೆಣ್ಮಕ್ಕಳ ಅಂಗೈಯಾಗ ಜಡ್ಡು ಮೆತ್ತಗಾಗೇತೇನು? ಅವು ಯಾವೂ ನಿನ್ನ ಕಣ್ಣಿಗೆ ಬದಲಾಗೂದಿಲ್ಲ. ಆಗಿ ಹೋದದ್ದು ನಾಟಕ ಮಾಡೂದಿಲ್ಲ." ಎಂಟು ದಿನ ಬಿಟ್ಟು ಹೋಗಿ ನೋಡಿದರೆ ಬಾವಿಯ ಹಗ್ಗ ತೊಯ್ದು ತಪ್ಪಡಿಯಾಗಿತ್ತು.

ಹೀಗೆ ಕಲಿತೆವು. ಔಷಧಿ ಹಂಚುವ ಕಾರ್ಯಕ್ರಮವಿದ್ದರೆ ಔಷಧಿ ಡಬ್ಬಿಯ ಮೇಲಿನ ಧೂಳನ್ನು ನೋಡುವುದು. ರಾತ್ರಿ ಶಾಲೆಯಿದ್ದರೆ ಬೆಳಿಗ್ಗೆ ಹೋಗಿ ಲಾಟೀನಿನ ಬತ್ತಿ ನೋಡುವುದು. "ನಿಮಗೆ ಒಳ್ಳೇದಾಯಿತೇ" ಎಂದು ಯಾರನ್ನೂ ಕೇಳಕೂಡದು. ಮನೆಗೆ ಬಂದವರಿಗೆ ಯಾರು ಇಲ್ಲವೆನ್ನುತ್ತಾರೆ? "ನಿನ್ನೆ ಮುಂಜಾನೆ ಎದ್ದು ಏನು ಮಾಡಿದಿರಿ" ಎಂದು ಕೇಳಬೇಕು, ಕೇಳಿ ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಬಾಯಿ ಮುಚ್ಚಿಕೊಳ್ಳುವ ವಿದ್ಯೆಯಲ್ಲಿ ದಾವಲಸಾಬ ಎರಡು ಸಲ ನಪಾಸಾದ. ಅಕ್ಕೋರು ಯಾರನ್ನೂ ಹೊರಗೆ ಹಾಕಿದವರಲ್ಲ. ಬೈಯುತ್ತಿದ್ದರು, ನಗುತ್ತಿದ್ದರು, ಮತ್ತೆ ಕೂರಿಸುತ್ತಿದ್ದರು. ಎತ್ತರದ ಹೆಂಗಸು, ನಿಗುರಿದ ಬೆನ್ನು, ಇಳಕಲ್ ಸೀರೆ. ಬೀದಿಯಲ್ಲಿ ನಡೆದು ಬಂದರೆ ಪುರಸಭೆಯ ಮೆಂಬರುಗಳು ಬೀಡಿ ಮರೆಮಾಡುತ್ತಿದ್ದರು. ನನಗೆ ಅವರ ಹಾಗೆ ಆಗಬೇಕು ಅನ್ನಿಸುತ್ತಿತ್ತು. ಅವರ ಹಾಗೆ ನಡೆಯಲು ಕದ್ದು ಅಭ್ಯಾಸವನ್ನೂ ಮಾಡಿದ್ದೇನೆ.

ತರಬೇತಿಯ ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ನಿಜವಾದ ಕಾರ್ಯಕ್ರಮ ಕೊಡುತ್ತಾರೆ. ಅದರ ಮೇಲೆ ಪುರಸಭೆಯ ಎದುರು ನಿಂತು ನಮ್ಮ ತೀರ್ಮಾನ ಹೇಳಬೇಕು. ನನಗೆ ಬಂದದ್ದು ನಡಿಗೆ ಮನೆ. ಲಕ್ವಾ ಹೊಡೆದು ಕೈಕಾಲು ಬಿದ್ದವರನ್ನು ಇಟ್ಟುಕೊಂಡು, ಕೆಲವು ತಿಂಗಳು ಎಣ್ಣೆ ತಿಕ್ಕಿ, ಕಸರತ್ತು ಮಾಡಿಸಿ, ನಡೆಸಿ ಕಳಿಸುವ ಜಾಗ ಅದು. ಅಧ್ಯಕ್ಷ ಮುರಿಗೆಪ್ಪನವರಿಗೆ ಅದರ ಮೇಲೆ ಭಾರಿ ಅಭಿಮಾನ. ವರದಿ ಚೆನ್ನಾಗಿ ಬಂದರೆ ಹಳೆಯ ಕಟ್ಟಡ ಕೆಡವಿ, ಓಣಿಗೊಂದರಂತೆ ಹೊಸ ನಡಿಗೆ ಮನೆ ಕಟ್ಟಿಸುವುದಾಗಿ, ಒಳಗೇ ನೆಲಹಾಸು, ಒಳಗೇ ಪಾಯಖಾನೆ ಮಾಡಿಸುವುದಾಗಿ ಹೇಳಿಬಿಟ್ಟಿದ್ದರು. ಎದುರು ಪಕ್ಷದವರು, ವರದಿ ಕೆಟ್ಟು ಬಂದರೆ ಬಾಗಿಲು ಹಾಕಿಸಿ ಅಲ್ಲಿ ಕಾಯಿಪಲ್ಲೆ ಮಾರ್ಕೆಟ್ ಮಾಡುತ್ತೇವೆ ಎಂದು ಕಾದು ಕೂತಿದ್ದರು. ನನ್ನ ಒಂದು ಮಾತಿನ ಮೇಲೆ ಅಷ್ಟು ಜನರ ಕಾಲು ನಿಂತಿತ್ತು.

ನಡಿಗೆ ಮನೆಯ ಅಂಗಳದಲ್ಲಿ ಎಲ್ಲರೂ ನನ್ನ ಮುಂದೆ ಸಾಲಾಗಿ ನಡೆದು ತೋರಿಸಿದರು, ಪಥಸಂಚಲನದ ಹಾಗೆ. ನಾನು ಕೈಮುಗಿದು ಹೊರಟುಬಿಟ್ಟೆ. ಆಮೇಲೆ ಅಲ್ಲಿಂದ ವಾಸಿಯಾಗಿ ಮನೆಗೆ ಹೋದವರನ್ನು ಹುಡುಕಿಕೊಂಡು ಹೋದೆ. ಮೊದಲನೆಯವನು ದರ್ಜಿ ಫಕೀರಪ್ಪ. ಬಾಗಿಲಿಗೆ ಬಂದು ನಿಂತು, "ಬರ್ರಿ ಬರ್ರಿ" ಎಂದು ನೆಟ್ಟಗೆ ನಡೆದು ಒಳಗೆ ಕರೆದ. ನಾನು ಅವನ ಕಾಲು ನೋಡಲಿಲ್ಲ, ಮನೆ ನೋಡಿದೆ. ಗೂಡಿನಲ್ಲಿ ಇರಬೇಕಾದ ದೀಪ, ಕಪಾಟಿನಲ್ಲಿ ಇರಬೇಕಾದ ಡಬ್ಬಿ, ಗೂಟಕ್ಕೆ ನೇತು ಹಾಕಬೇಕಾದ ಅಂಗಿ, ಎಲ್ಲವೂ ನೆಲದ ಮೇಲೆ ಗೋಡೆಗುಂಟ ಇದ್ದವು. ಹೊಲಿಗೆ ಮಷಿನ್ನಿನ ಕಾಲು ಕತ್ತರಿಸಿ, ಕೈಯಿಂದ ತಿರುಗಿಸುವ ಹಾಗೆ ನೆಲಕ್ಕೆ ಇಳಿಸಿದ್ದ. ಉಳಿದವರ ಮನೆಗಳಲ್ಲೂ ಅದೇ ಕತೆ. ಯಾರೂ ನೋಡದಾಗ ಇವರಲ್ಲಿ ಒಬ್ಬರೂ ನಡೆಯುತ್ತಿರಲಿಲ್ಲ. ತೆವಳುತ್ತಿದ್ದರು, ನಿಲ್ಲಲು ಹೋಗಿ ಬೀಳುತ್ತಿದ್ದರು. ಬಾಗಿಲು ಹಾಕಿಸುವ ಮಾತು ನನ್ನ ಬಾಯಿಂದಲೇ ಬರಬೇಕಾಗಿತ್ತು.

ಅದನ್ನು ಹೇಳಲು ಅಕ್ಕೋರ ಮನೆಗೆ ಹೋದೆ. ಅವರಿಗೆ ಜ್ವರ ಬಂದು ಎರಡು ದಿನ ಸಾಲಿಗೆ ಬಂದಿರಲಿಲ್ಲ. ಒಬ್ಬರೇ ಇರುವ ಮನೆ, ಅಷ್ಟು ದಿನಗಳಲ್ಲಿ ನಮ್ಮನ್ನು ಒಮ್ಮೆಯೂ ಒಳಗೆ ಕರೆದವರಲ್ಲ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಅಲ್ಲಿ ಮಸಾಲೆ ಡಬ್ಬಿ ನೆಲದ ಮೇಲಿತ್ತು. ನೀರಿನ ಹರಿವಿ ನೆಲದ ಮೇಲಿತ್ತು. ಕನ್ನಡಿ ಕೂತವರ ಮುಖದೆತ್ತರಕ್ಕೆ ತೂಗುತ್ತಿತ್ತು. ಗೋಡೆಗುಂಟ, ಮೊಣಕಾಲಿನಷ್ಟು ಮೇಲೆ, ಅಂಗೈ ತಿಕ್ಕಿ ತಿಕ್ಕಿ ಮಿಂಚುವ ಒಂದು ಪಟ್ಟಿ ಅಡುಗೆಮನೆಯವರೆಗೂ ಹೋಗಿತ್ತು. ಅಕ್ಕೋರು ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಏನ ಕಂಡಿ?" ಅಂದರು.

"ಏನಿಲ್ಲರಿ ಅಕ್ಕೋರ."

"ಸುಳ್ಳು ಹೇಳಲಿಕ್ಕಂತ ನಿನಗ ಇಷ್ಟು ದಿನಾ ಕಲಿಸಿದೆನೇನು?"

ನನಗೆ ಅಳು ಬಂತು. ಆ ನಿಗುರಿದ ನಡಿಗೆ ನಮ್ಮ ಕಣ್ಣುಗಳದಾಗಿತ್ತು. ನಾವು ಅವರನ್ನು ಅಷ್ಟು ಮೆಚ್ಚಿ ನೋಡುತ್ತಿದ್ದರಿಂದ ಅವರು ನಡೆಯುತ್ತಿದ್ದರು; ನಾವು ಮನೆಗೆ ಹೋದ ಮೇಲೆ ನೆಲ ಹಿಡಿಯುತ್ತಿದ್ದರು. "ನೀವೂ ನಡಿಗೆ ಮನೆಯಾಗ ಇದ್ರೇನ್ರಿ?" ಎಂದು ಕೇಳಿದೆ.

"ನೀ ಸಾಲಿಗೆ ಬರೂಕಿಂತ ಮೊದಲ. ನನ್ನ ಬಿಟ್ಟು ಹೇಳಂತ ನಾ ಹೇಳೂದಿಲ್ಲ, ಸೇರಿಸಿ ಹೇಳಂತನೂ ಹೇಳೂದಿಲ್ಲ. ತೀರ್ಮಾನ ನಿಂದು. ಏನಂತ ಹೇಳತಿ?"

"ಅವರ್ಯಾರೂ ನಡ್ಯಾಕತ್ತಿಲ್ಲರಿ. ನಿಲ್ಲತಾರ, ಬೀಳತಾರ. ಮುಚ್ಚೂದ ಸರಿ ಅನ್ನಿಸೇತಿ."

ಅಕ್ಕೋರು ಕೇಳಿದ್ದು ಒಂದೇ ಮಾತು. "ಬಿದ್ದ ಮ್ಯಾಲ ಏನಾಗತೈತಿ ಅಂತ ಕೇಳಿದೇನು?"

ಕೇಳಿರಲಿಲ್ಲ. ಬಿದ್ದದ್ದು ಗೊತ್ತಾದ ಕೂಡಲೇ ನಾನು ನಿಂತುಬಿಟ್ಟಿದ್ದೆ. ಅಷ್ಟು ಹೇಳಿ ಅವರು ಜ್ವರದ ಔಷಧಿ ಕುಡಿದು ಮಲಗಿದರು. ತಮ್ಮ ಸ್ವಂತ ಕಾಲಿನ ಮಾತಾಗಿದ್ದರೂ ಅವರು ನನ್ನನ್ನು ಯಾವ ಕಡೆಗೂ ತಳ್ಳಲಿಲ್ಲ. ಮೌಲ್ಯಮಾಪನ ಎಂಬ ವಿದ್ಯೆಯ ಬಗ್ಗೆ ನನಗೆ ಪೂರ್ತಿ ಗೌರವ ಹುಟ್ಟಿದ್ದು ಆ ಮಧ್ಯಾಹ್ನ.

ಮತ್ತೆ ತಿರುಗಿದೆ. ಈ ಸಲ ಎರಡು ಬಗೆಯ ಜನರಲ್ಲಿಗೆ ಹೋದೆ: ನಡಿಗೆ ಮನೆಯಲ್ಲಿ ಇದ್ದು ಬಂದವರು, ಜಾಗ ಸಿಗದೆ ಒಂದು ದಿನವೂ ಅಲ್ಲಿಗೆ ಹೋಗದವರು. ಹೋಗದವರು ಬಿದ್ದರೆ ಬಿದ್ದಲ್ಲೇ ಇರುತ್ತಿದ್ದರು. ಹೂ ಮಾರುವ ಗೌರಕ್ಕ ಒಂದು ದಿನ ಬಚ್ಚಲಲ್ಲಿ ಬಿದ್ದು, ಪಕ್ಕದ ಮನೆಯಾಕೆ ಹಾಲು ನೋಡಲು ಬರುವವರೆಗೂ ಒದ್ದೆಯಲ್ಲೇ ಮಲಗಿದ್ದಳು. ಅವಳ ಬೆನ್ನಿನ ಹುಣ್ಣು ಇನ್ನೂ ಮಾಯ್ದಿರಲಿಲ್ಲ. ಇದ್ದು ಬಂದವರಲ್ಲಿ ಅಂಥ ಹುಣ್ಣು ಒಬ್ಬರಿಗೂ ಇರಲಿಲ್ಲ. ಅವರೂ ಬೀಳುತ್ತಿದ್ದರು, ಆದರೆ ಏಳುತ್ತಿದ್ದರು. ತಾವಾಗಿಯೇ, ಯಾರ ಕಣ್ಣಿನ ಹಂಗಿಲ್ಲದೆ.

"ಏಳೂದು ಎಲ್ಲಿ ಕಲತಿರಿ ಕಾಕಾ?" ಎಂದು ಫಕೀರಪ್ಪನನ್ನು ಕೇಳಿ ಬಾಯಿ ಮುಚ್ಚಿಕೊಂಡು ಕೂತೆ. ಅವನು ನಾಚಿ ನೆಲ ನೋಡಿದ. ತುಂಬ ಹೊತ್ತಿನ ಮೇಲೆ, "ಸಂದ್ಯಾಗ" ಅಂದ.

ಸಂದಿಯೆಂದರೆ ನಡಿಗೆ ಮನೆಯ ಹಿಂದೆ, ಎರಡು ಎತ್ತರದ ಗೋಡೆಗಳ ನಡುವೆ ಪಾಯಖಾನೆಗೆ ಹೋಗುವ ದಾರಿ. ಮನೆಯೊಳಗೆ ಎಲ್ಲಿ ಹೋದರೂ ಯಾರಾದರೂ ನೋಡುತ್ತಿರುತ್ತಾರೆ. ಆ ದಾರಿಯಲ್ಲಿ ಮಾತ್ರ, ಮಾನವಿದ್ದವರು ಯಾರೂ ನೋಡುವುದಿಲ್ಲ. "ಸಂದಿಗಿ ಹೊಕ್ಕ ಕೂಡಲೆ ಧೊಪ್ಪಂತ ಬೀಳತಿದ್ವಿ ತಂಗಿ. ಕೂಗಬೇಕಂದ್ರ ನಾಚಿಕಿ. ಕೂಗದಿದ್ರ ಇನ್ನೊಂದು ಫಜೀತಿ! ಹಳಬರು ಹೊಸಬರಿಗೆ ಕಿವಿಯಾಗ ಹೇಳತಿದ್ರು, ಮೊದಲ ಚೊಲೊ ಕೈ ಮ್ಯಾಲ ಹೊಳ್ಳು, ಮೊಣಕಾಲು ಊರು, ಗ್ವಾಡಿ ಹಿಡಿ, ಅವಸರ ಮಾಡಬ್ಯಾಡ ಅಂತ. ಕಸರತ್ತಿನ ಮಾಸ್ತರಗ ಇದು ಗೊತ್ತ ಇಲ್ಲ. ಅಂಗಿಗೆ ಮಣ್ಣು ಹತ್ತಿದ್ದು ಕಂಡರ ಬೈಯತಿದ್ದ." ಇಡೀ ಕಾರ್ಯಕ್ರಮದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಪಾಯಖಾನೆಯ ದಾರಿ ಒಂದೇ. ಹೊಸ ಕಟ್ಟಡದಲ್ಲಿ ಅಧ್ಯಕ್ಷರು ಹೆಮ್ಮೆಯಿಂದ ತೆಗೆದುಹಾಕಲಿದ್ದದ್ದೂ ಅದನ್ನೇ.

ಪುರಸಭೆಯ ಸಭಾಂಗಣ ಅಂದು ತುಂಬಿ ತುಳುಕುತ್ತಿತ್ತು. ನಾನು ಎದ್ದು ನಿಂತು ಕಂಡದ್ದನ್ನು ಹೇಳಿದೆ. ನಡಿಗೆ ಮನೆ ಯಾರಿಗೂ ನಡೆಯಲು ಕಲಿಸಿಲ್ಲ. ಬಿದ್ದವರಿಗೆ ಏಳಲು ಕಲಿಸಿದೆ. ಅದನ್ನು ಮುಚ್ಚಕೂಡದು, ಕೆಡವಲೂ ಕೂಡದು. ಆ ಸಂದಿಯನ್ನು ಇನ್ನಷ್ಟು ಉದ್ದ ಮಾಡಬೇಕು. ಸಭೆ ಬಿದ್ದು ಬಿದ್ದು ನಕ್ಕಿತು. "ಪಾಯಖಾನೆ ದಾರಿಗೆ ಪುರಸಭೆ ಹಾರ ಹಾಕಬೇಕೇನವಾ?" ಎಂದು ಯಾರೋ ಕೂಗಿದರು. ಅಕ್ಕೋರ ಹೆಸರನ್ನು ನಾನು ಎತ್ತಿರಲಿಲ್ಲ. ಅದು ನನ್ನ ಬಾಯಿಂದ ಬರಬಾರದೆಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ.

ಮುರಿಗೆಪ್ಪನವರು ನಗಲಿಲ್ಲ, ನೊಂದುಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು. "ಅವರು ನಡ್ಯೂದನ್ನ ನಾನು ಖುದ್ದ ನೋಡೇನಿ. ಈ ಸಭಾದಾಗಿದ್ದವರೆಲ್ಲಾ ನೋಡ್ಯಾರ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು? ಈ ಹುಡುಗಿ ಮಾತು ಬಿಡ್ರಿ, ಕೈ ಎತ್ತಿ ಮತಾ ಹಾಕ್ರಿ" ಅಂದರು. ಎದುರು ಪಕ್ಷದವರೂ, "ನಡ್ಯಾಕ ಕಲಿಸಿಲ್ಲಂತ ಅಕಿನ ಹೇಳ್ಯಾಳ, ಮುಚ್ಚರಿ" ಎಂದು ಗದ್ದಲ ಎಬ್ಬಿಸಿದರು. ನನ್ನ ಮಾತಿನ ಅರ್ಧವನ್ನು ಅವರು ಹಿಡಿದುಕೊಂಡರು, ಉಳಿದರ್ಧ ಯಾರಿಗೂ ಬೇಕಾಗಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಮಹಾನಂದಾ ಅಕ್ಕೋರು ಎದ್ದರು. ನೂರಾರು ಕಣ್ಣುಗಳ ನಡುವೆ ರಾಣಿಯ ಹಾಗೆ ನಡೆದು ಸಭೆಯ ಮಧ್ಯಕ್ಕೆ ಬಂದರು.

"ಅಧ್ಯಕ್ಷರ, ಒಂದೀಟು ಗ್ವಾಡಿ ಕಡೆ ಹೊಳ್ಳರಿ. ಎಲ್ಲಾರೂ ಹೊಳ್ಳರಿ. ನಾ ಹೇಳೂತನಕ ಯಾರೂ ತಿರುಗಿ ನೋಡಬ್ಯಾಡ್ರಿ. ಇಷ್ಟು ವರ್ಷ ನಿಮ್ಮ ಮಕ್ಕಳಿಗೆ ಕಲಿಸೇನಿ, ಇವತ್ತು ಒಂದು ಪಾಠ ನಿಮಗ."

ಆ ದನಿಗೆ ಇಲ್ಲವೆನ್ನುವ ಎದೆ ಯಾರಿಗಿತ್ತು? ಕುರ್ಚಿಗಳು ಕಿರುಗುಟ್ಟಿದವು. ಸಭೆಗೆ ಸಭೆಯೇ ಗೋಡೆಗೆ ಮುಖ ಮಾಡಿ ನಿಂತಿತು, ನಾನೂ ನಿಂತೆ. ಹಿಂದೆ ಒಂದು ಹೆಜ್ಜೆ ಕೇಳಿಸಿತು. ಇನ್ನೊಂದು, ಎಳೆದದ್ದು. ಆಮೇಲೆ ಅವರು ಬಿದ್ದರು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೂ ಕದ್ದು ನೋಡಲಿಲ್ಲ ಎಂಬುದಕ್ಕೆ ಅವರು ಬಿದ್ದದ್ದೇ ಸಾಕ್ಷಿ. ಯಾರೋ ಅಯ್ಯೋ ಅಂದರು. ನನ್ನ ಕುತ್ತಿಗೆಯ ನರವೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ನಾನೊಬ್ಬಳು ತಿರುಗಿದ್ದರೆ ಸಾಕಿತ್ತು, ಅವರು ಹೂವಿನಂತೆ ಎದ್ದು ನಿಲ್ಲುತ್ತಿದ್ದರು. ಮೈಯ ನೋವೂ ಮುಖದ ಅವಮಾನವೂ ಒಂದೇ ನೋಟಕ್ಕೆ ಹೋಗಿಬಿಡುತ್ತಿದ್ದವು. ಕಣ್ಣು ಮುಚ್ಚಿಕೊಂಡೆ, ಅದೂ ಸಾಲದೆ ಹಣೆಯನ್ನು ಗೋಡೆಗೆ ಒತ್ತಿದೆ.

"ಕಸ್ತೂರಿ, ಬಿದ್ದೇನಿ ನಾ" ಎಂದಿತು ನೆಲದಿಂದ ಬಂದ ದನಿ. "ಮುಂದೇನು ಕೇಳತೈತಿ, ಜೋರಾಗಿ ಹೇಳು. ಇವರಿಗೆ ನಿನ್ನಷ್ಟು ಕಿವಿ ಇಲ್ಲ."

ನಾನು ಹೇಳತೊಡಗಿದೆ. "ಸೀರಿ ಸರಿಯಾಕತ್ತೇತ್ರಿ... ಹೊಳ್ಳಿದ್ರು, ಚೊಲೊ ಕೈ ಮ್ಯಾಲ. ಬಳಿ ನೆಲಕ್ಕ ಬಡದ್ವು. ಮೊಣಕಾಲು ಊರಾಕತ್ತಾರ. ಉಸಿರು ತಗೊಂಡ್ರು." ಬೆಂಚು ಹಿಡಿದದ್ದು ಕೇಳಿಸಿತು, ಜಾರಿದ್ದು ಕೇಳಿಸಿತು, ಮತ್ತೆ ಹಿಡಿದದ್ದು ಕೇಳಿಸಿತು. ಕೊನೆಗೆ ಉಸಿರಿನ ಸದ್ದು ನೆಲದಿಂದ ಮೇಲಕ್ಕೆ ಬಂತು. "ಎದ್ರು" ಅಂದೆ, ಅಂದವಳೇ ಅತ್ತುಬಿಟ್ಟೆ.

"ಇದು ಆ ಸಂದ್ಯಾಗ ಕಲತದ್ದು" ಅಂದರು ಅಕ್ಕೋರು, ತೇಕುತ್ತ. "ಈಗ ಹೊಳ್ಳಿ ನೋಡ್ರಿ."

ನಾವು ತಿರುಗಿದೆವು. ಅವರು ಕೆದರಿದ ಕೂದಲಿನಲ್ಲಿ, ಧೂಳು ಹತ್ತಿದ ಸೀರೆಯಲ್ಲಿ, ಸಲೀಸಾಗಿ ನಡೆದು ಹೋಗಿ ತಮ್ಮ ಜಾಗದಲ್ಲಿ ಕೂತರು. ಆ ಸಲೀಸು ನಡಿಗೆಯನ್ನು ನೋಡಲು ಎಲ್ಲರಿಗೂ ಕಷ್ಟವಾಯಿತು. ಮುರಿಗೆಪ್ಪನವರು ರುಮಾಲು ತೆಗೆದು ಮುಖ ಒರೆಸಿಕೊಂಡರು, ಕೈ ಎತ್ತಿಸುವ ಮಾತನ್ನು ಮತ್ತೆ ಆಡಲಿಲ್ಲ. "ಸಂದಿ ಎಷ್ಟು ಉದ್ದ ಮಾಡಬೇಕವಾ?" ಎಂದು ನನ್ನನ್ನೇ ಕೇಳಿದರು. ಎದುರು ಪಕ್ಷದ ಒಬ್ಬ, ಗೋಡೆಗಳಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಬೇಕೆಂದ. ಬೇಡ, ಗೋಡೆಯನ್ನೇ ಹಿಡಿಯಲು ಕಲಿಯಲಿ ಎಂದೆ. ಒಪ್ಪಿದರು. ಆ ಮೇಲೆ ಗೌರಕ್ಕನಂಥವರಿಗೂ ಅಲ್ಲಿ ಜಾಗ ಸಿಕ್ಕಿತು.

ಸಭೆ ಮುಗಿದಾಗ ಊರೆಲ್ಲ ಅಕ್ಕೋರ ಹಿಂದೆ ಹೊರಟಿತು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅವರು ಎಲ್ಲಿ ಬಿದ್ದಾರೋ ಎಂದು ಒಬ್ಬರಾದ ಮೇಲೆ ಒಬ್ಬರು ರೆಪ್ಪೆ ಮಿಟುಕಿಸದೆ ನೋಡುತ್ತ ನಡೆದರು. ಅವರ ಓಣಿಯ ತಿರುವಿನಲ್ಲಿ ಅಕ್ಕೋರು ನಿಂತು, "ಸಾಕು, ಎಲ್ಲಾರೂ ಮನೀಗೆ ಹೋಗ್ರಿ. ಇನ್ನ ಮುಂದ ನಿಮ್ಮ ಮುಂದ ಮುಚ್ಚಿಡೂದು ನನಗೇನೂ ಇಲ್ಲ, ಬಿದ್ದರ ಬೀಳತೇನಿ" ಅಂದರು. ಜನ ಹೋದರು. ನಾನು ಉಳಿದೆ.

"ನೀ ಮುಂದ ನಡಿ" ಅಂದರು.

ನಾನು ಮುಂದೆ ನಡೆದೆ, ಅವರಿಗೆ ಬೆನ್ನು ತೋರಿಸಿ. ಹಿಂದೆ ಕಾಲು ಎಳೆಯುವ ಸದ್ದು ಬರುತ್ತಿತ್ತು. ಮನೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಆ ಸದ್ದು ನಿಂತು, ಮಣ್ಣಿಗೆ ಮೈ ಬಿದ್ದದ್ದು ಕೇಳಿಸಿತು. ನಾನು ನಿಂತೆ. ಸೀರೆ ಕೊಡವಿಕೊಂಡ ಸದ್ದು ಬರುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ಇಬ್ಬರೂ ಹೆಜ್ಜೆ ಹಾಕಿದೆವು.